ಸೋಮವಾರ ಊಟ ಬಿಟ್ಟ ಪ್ರಧಾನಿ

ಹೋದ ವಾರ ಗೋಕುಲ ರಸ್ತೆಯ ಅಂಗಡಿಯೊಂದರಿಂದ ಬೋಳುತಲೆಯನ್ನು ಬಾಡಿಗೆಗೆ ತಂದೆ. ನಗಬೇಡಿ. ರಬ್ಬರಿನ ಟೋಪಿ ಅದು. ಎಳೆದು ಹಾಕಿಕೊಂಡರೆ ಎಂಥ ಜಡೆಯವಳೂ ಬೋಳಾಗಿ ಕಾಣುತ್ತಾಳೆ. ಜೊತೆಗೆ ಒಂದು ಕೋಲು, ಒಂದು ಗುಂಡು ಕನ್ನಡಕ. ತಮ್ಮನ ಮಗಳು ಅನ್ವಿಯ ಶಾಲೆಯಲ್ಲಿ ರಾಷ್ಟ್ರನಾಯಕರ ವೇಷದ ಸ್ಪರ್ಧೆಯಂತೆ. ಚೀಲದಿಂದ ಟೋಪಿ ತೆಗೆದೊಡನೆ ಹಳೆಯ ಸೈಕಲ್ ಟ್ಯೂಬಿನ ವಾಸನೆ ತಮ್ಮನ ಮನೆಯ ಪಡಸಾಲೆಯನ್ನೆಲ್ಲ ತುಂಬಿತು.

"ಅತ್ತೀ, ಇದರಾಗ ಎಷ್ಟ ಮಂದಿ ಬೆವತಾರ?" ಎಂದು ಅನ್ವಿ ಮೂಗು ಮುಚ್ಚಿಕೊಂಡಳು. ಒಂಬತ್ತು ವರ್ಷದ ಹುಡುಗಿ, ಆದರೆ ಪ್ರಶ್ನೆ ಮಾತ್ರ ಯಾವಾಗಲೂ ಸರಿಯಾದದ್ದೇ.

"ಅದಿರಲಿ, ನೀ ಯಾರ ವೇಷ ಹಾಕತಿಯೋ ಅವರು ಏನ ಮಾಡಿದ್ರು, ಹೇಳು."

"ಸ್ವಾತಂತ್ರ್ಯ ತಂದ್ರು."

"ಹೆಂಗ ತಂದ್ರು?"

"ಅದು ಎರಡ ನಿಮಿಷದಾಗ ಬರೂದಿಲ್ಲ ಅತ್ತೀ. ನಮಗ ಎರಡ ನಿಮಿಷ ಅಷ್ಟ ಕೊಟ್ಟಾರ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹುಡುಗಿಯ ಮೇಲಲ್ಲ, ಆ ರಬ್ಬರಿನ ಮೇಲೆ. ನಾಯಕರೆಂದರೆ ಕೋಲು, ಕನ್ನಡಕ, ಎದೆಗೆ ಸಿಕ್ಕಿಸಿದ ಗುಲಾಬಿ ಅಂತ ಆಗಿಬಿಟ್ಟರೆ ನಾಳೆ ಈ ಮಕ್ಕಳು ಕೋಲು ಹಿಡಿದವರಿಗೆಲ್ಲ ಓಟು ಹಾಕುತ್ತಾರೆ. ಹೀಗೆ ಗೊಣಗುತ್ತ ಕುಳಿತಾಗ ನೆನಪಾದವರು ಎಸ್ತೇರಕ್ಕೋರು.

ಹಳೇ ಹುಬ್ಬಳ್ಳಿಯ ನಮ್ಮ ಕನ್ನಡ ಶಾಲೆಯಲ್ಲಿ ಏಳನೇತ್ತೆಗೆ, ಅಂದರೆ ಏಳನೇ ತರಗತಿಗೆ, ಸಮಾಜ ಕಲಿಸುತ್ತಿದ್ದವರು ಅವರು. ನಮ್ಮಲ್ಲಿ ಶಿಕ್ಷಕಿಯರೆಲ್ಲ ಅಕ್ಕೋರೇ. ಮಿಶನ್ ಚರ್ಚಿನ ಮನೆತನ, ಬಿಳಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಛಡಿ ಇಲ್ಲ. ಛಡಿ ಇಲ್ಲದ ಶಿಕ್ಷಕರನ್ನು ಕಂಡರೆ ನಮಗೆ ಆಗ ಸ್ವಲ್ಪ ಅನುಮಾನವೇ ಇತ್ತು. ವೇಷದ ಮಾತು ಬಂದರೆ ಅವರು, "ಅರಿವಿ ಯಾರರೆ ಹಾಕ್ಕೊತಾರ. ಅವರು ಮಾಡಿದ್ದನ್ನ ಒಂದ ವಾರ ಮಾಡಿ ನೋಡ್ರಿ," ಅನ್ನುತ್ತಿದ್ದರು.

ಅದೇ ಅವರ ಆಟ. ಡಬ್ಬಿಯೊಳಗಿಂದ ಚೀಟಿ ಎತ್ತಬೇಕು. ಬಂದ ನಾಯಕರ ಒಂದು ಕೆಲಸವನ್ನು ಒಂದು ವಾರ ಮನೆಯಲ್ಲಿ ಮಾಡಿ ನೋಡಬೇಕು. ಆಮೇಲೆ ಅಕ್ಕೋರ ಸ್ವಂತ ಕುರ್ಚಿಯ ಮೇಲೆ ಕೂರಬೇಕು. ಕುರ್ಚಿಯಲ್ಲಿ ಕೂತವರೇ ಆ ನಾಯಕರು. ಅಕ್ಕೋರೂ ಅವರಿಗೆ "ಹೇಳ್ರಿ, ಬರ್ರಿ" ಎನ್ನಬೇಕು. ಆ ಹೊತ್ತಿನಲ್ಲಿ ಯಾರೇ ಒಳಗೆ ಬಂದರೂ ಮಾತು ಕುರ್ಚಿಯ ಜೊತೆಗೇ. ಉತ್ತರ ತಿಳಿಯದಿದ್ದರೆ, "ಗೊತ್ತಿಲ್ಲ, ತಿಳಕೊಂಡ ಮುಂದಿನ ವಾರ ಹೇಳ್ತೇನಿ" ಅನ್ನಬಹುದು. ಹಾಗೆ ಹೇಳುವ ನಾಯಕರನ್ನು ನಾನು ಆಮೇಲೆ ಬಹಳ ಕಂಡಿಲ್ಲ ಬಿಡಿ. ಇನ್ನೊಂದು ಕಟ್ಟುನಿಟ್ಟು: ನಾಯಕರ ಹೆಸರು ಬಾಯಿ ಬಿಟ್ಟು ಹೇಳಿದರೆ ಆಟದಿಂದ ಔಟು. ಇಷ್ಟು ವರ್ಷದ ಮೇಲೆ ಔಟಾಗಲು ನಾನೂ ತಯಾರಿಲ್ಲ. ನೀವೇ ಊಹಿಸಿಕೊಳ್ಳಿ.

ಸಂಸ್ಥಾನಗಳನ್ನೆಲ್ಲ ಒಂದುಗೂಡಿಸಿದ ಉಕ್ಕಿನ ಮನುಷ್ಯರ ಚೀಟಿ ಬಂದ ಹುಡುಗ ಓಣಿಯವರ ಗೋಲಿಗಳನ್ನೆಲ್ಲ ಒಂದೇ ಚೀಲಕ್ಕೆ ಸೇರಿಸಿ, ವಾರ ಮುಗಿದರೂ ವಾಪಸು ಕೊಡಲಿಲ್ಲ. ಕೇಳಿದರೆ, "ಕೊಟ್ರ ದೇಶ ಒಡೀತೈತಿ" ಎಂದ. ನನಗೆ ಬಂದದ್ದು ಕೋಗಿಲೆ ಎನಿಸಿಕೊಂಡ ನಾಯಕಿ. ನನ್ನ ದನಿ ಆಗಲೂ ಹೀಗೇ, ಹೊಸ್ತಿಲಿಗೆ ಬಾಗಿಲು ಉಜ್ಜಿದ ಹಾಗೆ. ಒಂದು ವಾರ ಹಾಡಿದೆ. ಪಕ್ಕದ ಮನೆಯ ಅಜ್ಜಿ ನಮ್ಮವ್ವನ ಹತ್ತಿರ ಬಂದು, "ಹುಡುಗಿಗೆ ಎಲ್ಲಿ ನೋವೈತಿ, ಡಾಕ್ಟರಿಗೆ ತೋರಸ್ರವಾ" ಎಂದಳು.

ಆದರೆ ನಾನು ಹೇಳಹೊರಟದ್ದು ನನ್ನ ಗೆಳತಿ ನೀಲವ್ವನ ಚೀಟಿಯ ಸಂಗತಿ. ಅವಳಿಗೆ ಬಂದದ್ದು ಆ ಗಿಡ್ಡನೆಯ ಪ್ರಧಾನಿ. ದೇಶದಲ್ಲಿ ಕಾಳಿಗೆ ತತ್ವಾರವಾದಾಗ ಸೋಮವಾರ ರಾತ್ರಿಯ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡವರು. ನೀಲವ್ವನ ಅಪ್ಪ ಬಸಪ್ಪ ಕಾಕಾ ಕಾಳಿನ ವ್ಯಾಪಾರಿ, ದೊಡ್ಡ ಶಿವಭಕ್ತ. ಹೆಣ್ಣುಮಕ್ಕಳಿಗೆ ಏಳನೇತ್ತೆ ಸಾಕು ಎಂದು ಅವರ ಮನೆಯಲ್ಲಿ ಮಾತು ಮುಗಿದುಹೋಗಿತ್ತು. ಪರೀಕ್ಷೆ ಹತ್ತಿರ ಬಂದಂತೆಲ್ಲ ನೀಲವ್ವ ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿದು ನಡೆಯುತ್ತಿದ್ದಳು.

ಈಗ ನಮ್ಮ ಕಡೆಯ ಸೋಮವಾರವನ್ನು ನೀವು ಸ್ವಲ್ಪ ತಿಳಿದುಕೊಳ್ಳಬೇಕು. ಬಸಪ್ಪ ಕಾಕಾಂದು ಸೋಮವಾರ ಒಪ್ಪತ್ತು. ಹಗಲೆಲ್ಲ ಉಪವಾಸ, ಸಂಜೆ ದೀಪ ಹಚ್ಚಿ ಪೂಜೆ ಮುಗಿದ ಮೇಲೆ ಊಟ. ವಾರದಲ್ಲಿ ಆ ಮನೆಯ ಒಳ್ಳೆಯ ಊಟವೆಂದರೆ ಅದೇ: ಬಿಸಿ ರೊಟ್ಟಿ, ಎಣ್ಣೆಗಾಯಿ, ತುಪ್ಪ ಹಾಕಿದ ಗೋಧಿ ಹುಗ್ಗಿ. ದೇವರು ಊಟಕ್ಕೆ ಏಳಿ ಎನ್ನುವ ಹೊತ್ತಿಗೆ ಸರಿಯಾಗಿ ಪ್ರಧಾನಿ ಊಟ ಬಿಡಿ ಎನ್ನುತ್ತಾರೆ! ನೀಲವ್ವ ತಾಟಿನ ಮುಂದೆ ಕೈಕಟ್ಟಿ ಕುಳಿತಳು. ಅವಳವ್ವ ಅತ್ತಳು. ಕಾಕಾ ಬೈದರು, ಆಮೇಲೆ ರಮಿಸಿದರು. ಹುಡುಗಿ ತುತ್ತು ಮುಟ್ಟಲಿಲ್ಲ. ಮಗಳು ಹಸಿದಿರುವಾಗ ತಾನು ಉಣ್ಣುವ ಜಾತಿಯ ಅಪ್ಪ ಅವರಲ್ಲ. ಹಗಲು ಶಿವನಿಗಾಗಿ ಉಪವಾಸ ಇದ್ದ ಮನುಷ್ಯ ರಾತ್ರಿ ದೇಶಕ್ಕಾಗಿಯೂ ಉಪವಾಸ ಬಿದ್ದರು. ಹುಗ್ಗಿ ಎಮ್ಮೆಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಕಾಕಾ ನಮ್ಮ ತರಗತಿಯ ಬಾಗಿಲಲ್ಲಿ ನಿಂತರು. ಹಸಿದ ಹೊಟ್ಟೆಯ ಸಿಟ್ಟು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

"ಅಕ್ಕೋರ, ನನ್ನ ಮಗಳ ಹೆಸರ ತಗೀರಿ. ಏಳನೇತ್ತಾ ಮುಗಿಯೂತನಕ ಸೈತ ಬ್ಯಾಡ, ಇವತ್ತಿಂದ ಸಾಲಿ ಸಾಕು."

ಎಸ್ತೇರಕ್ಕೋರು ಸೀಮೆಸುಣ್ಣದ ಕೈ ಝಾಡಿಸಿಕೊಂಡು ಮೆಲ್ಲಗೆ ಹೇಳಿದರು: "ಕುರ್ಚಿ ಮ್ಯಾಲೆ ಪ್ರಧಾನಮಂತ್ರಿಗಳು ಅದಾರ್ರಿ. ಅವರಿರೂತನಕ ನಾ ಮಾತಾಡೂಹಂಗಿಲ್ಲ. ಏನಿದ್ರೂ ಅವರನ್ನ ಕೇಳ್ರಿ."

ಅವತ್ತು ನೀಲವ್ವನ ಸರದಿ. ಕುರ್ಚಿಯಲ್ಲಿ ಕುಳಿತಿದ್ದಳು, ಕಾಲು ನೆಲಕ್ಕೆ ಹತ್ತದೆ. ಕಾಕಾ ಒಮ್ಮೆ ಅಕ್ಕೋರನ್ನು ನೋಡಿದರು, ಒಮ್ಮೆ ನಮ್ಮನ್ನು. ತುಂಬಿದ ತರಗತಿ, ಪರರ ಮನೆಯ ಮಕ್ಕಳು. ಅಲ್ಲಿ ಮರ್ಯಾದೆ ಬಿಡುವುದು ಹೇಗೆ?

"ಏನ್ರೀ ಸಾಹೇಬ್ರ," ಎಂದರು ಕೊನೆಗೆ, ಹಲ್ಲು ಕಚ್ಚಿ. "ಮಂದೀನ ಉಪವಾಸ ಕೆಡವಾಕ ನಿಮಗ ಯಾರ ಹೇಳ್ಯಾರ್ರಿ?"

ನಾವು ನಗು ತಡೆಯಲು ಪುಸ್ತಕದ ಅಂಚು ಕಚ್ಚಿಕೊಂಡೆವು. ನೀಲವ್ವ ಮಾತ್ರ ನಗಲಿಲ್ಲ. "ದೇಶದಾಗ ಕಾಳು ಕಡಿಮಿ ಇತ್ತರಿ," ಎಂದಳು. "ಮೊದಲ ನನ್ನ ಮನ್ಯಾಗ ಒಂದಿನ ಒಲಿ ಹಚ್ಚಬ್ಯಾಡ ಅಂದೆ. ನನ್ನ ಮಕ್ಕಳು ಹಸಿವಿ ತಡಕೋತಾರೇನು ನೋಡಿದೆ. ಆಮ್ಯಾಲೆ ಮಂದಿಗೆ ಕೇಳಿದೆರಿ."

ಕಾಕಾ ಬಾಗಿಲ ಚೌಕಟ್ಟಿಗೆ ಒರಗಿದರು. ಆಮೇಲೆ ಯಾರನ್ನೂ ಉದ್ದೇಶಿಸದೆ, "ಖರೇ ಐತಿ," ಎಂದರು. "ನಾ ಆಗ ಅಪ್ಪನ ಅಂಗಡ್ಯಾಗ ಕುಂಡರತಿದ್ದೆ. ಸೋಮವಾರ ಸಂಜಿಕೆ ಖಾನಾವಳಿ ಎಲ್ಲಾ ಬಂದ್ ಇರತಿದ್ದುವು. ನಮ್ಮವ್ವಗ ಫಜೀತಿ. ರಾತ್ರಿ ಉಣ್ಣು ಅಂತಾನ ಶಿವ, ಉಣಬ್ಯಾಡ ಅಂತೈತಿ ಸರಕಾರ. ಆಕಿ ಏನ ಮಾಡಿದ್ಲು? ಪೂಜಿ ಮಧ್ಯಾಹ್ನಕ್ಕ ಮುಗಿಸಿ ಆಗ ಊಟಕ್ಕ ನೀಡಿದ್ಲು. ಶಿವ ಏನೂ ಅನ್ನಲಿಲ್ಲ."

ಈಗ ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ಕೂಡ ನಕ್ಕರು. ಅಕ್ಕೋರು ಇಂಥ ಅವಕಾಶ ಬಿಡುವವರಲ್ಲ. "ಕಣ್ಣಿಲೆ ಕಂಡವರು ಸಿಕ್ಕಾರ, ಬರ್ರಿ, ಕುಂಡ್ರಿ" ಎಂದು ನೀಲವ್ವನನ್ನು ಇಳಿಸಿ ಕಾಕಾನನ್ನೇ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯ ಕಟ್ಟಳೆಗಳನ್ನು ಹೇಳಿದರು. ಆಗ ಜೋಳ ಹೇಗೆ ಸಿಗುತ್ತಿತ್ತು, ಎಲ್ಲಿ ಪಾಳಿ ಹಚ್ಚಿ ಸಾಲಾಗಿ ನಿಲ್ಲುತ್ತಿದ್ದರು ಎಂದು ನಾವು ಕೇಳಿದ್ದೇ ಕೇಳಿದ್ದು. ಮನುಷ್ಯ ಹಸಿವನ್ನೂ ಮರೆತು ಹೇಳುತ್ತ ಹೋದರು.

ಆಗ ನಾನು ಎದ್ದು ನಿಂತೆ. ಧೈರ್ಯದಿಂದ ಅಲ್ಲ. ನಾಲಿಗೆ ನನಗಿಂತ ಮುಂದೆ ಓಡುವ ಚಟ ನನ್ನದು.

"ಕಾಕಾ, ನೀಲವ್ವನ್ನ ಸಾಲಿ ಯಾಕ ಬಿಡಸ್ತೀರಿ?"

ಕಾಕಾ ಮೂಲೆಯಲ್ಲಿ ನಿಂತ ಮಗಳ ಕಡೆ ನೋಡಿದರು. "ಗೊತ್ತಿಲ್ಲ," ಎಂದರು ಕೊನೆಗೆ. "ತಿಳಕೊಂಡ ಮುಂದಿನ ವಾರ ಹೇಳ್ತೇನಿ." ಹೇಳಿ, ರುಮಾಲು ಸರಿಮಾಡಿಕೊಂಡು ಹೊರಟುಹೋದರು. ಮಗಳನ್ನು ಕರೆದುಕೊಂಡು ಹೋಗಲಿಲ್ಲ.

ಅವರು ಮತ್ತೆ ಬರುತ್ತಾರೆಂದು ನಾವ್ಯಾರೂ ನಂಬಿರಲಿಲ್ಲ. ಬಂದರು. ತಾವಾಗಿಯೇ ಕುರ್ಚಿಯಲ್ಲಿ ಕುಳಿತರು. "ನಮ್ಮವ್ವನ್ನ ಕೇಳಿದೆ, ನಮ್ಮ ಅಣ್ಣಾರನ್ನ ಕೇಳಿದೆ, ಅಂಗಡಿಗೆ ಬಂದ ಹಿರ್ಯಾರನ್ನ ಕೇಳಿದೆ. ಎಲ್ಲಾರೂ ಬಿಡಸು ಅಂತಾರ, ಯಾಕ ಅಂತ ಒಬ್ಬರೂ ಹೇಳವಲ್ರು. ನನ್ನ ಹತ್ರನೂ ಕಾರಣ ಇಲ್ಲ. ಹುಡುಗಿ ಸಾಲಿಗೆ ಬರ್ತಾಳ್ರಿ ಅಕ್ಕೋರ." ನೀಲವ್ವ ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಎಸ್ತೇರಕ್ಕೋರು ಹಲಗೆಯ ಕಡೆ ತಿರುಗಿ, ಬರೆದಿದ್ದನ್ನೇ ಒರೆಸಿ ಮತ್ತೆ ಬರೆದರು.

ನೀಲವ್ವ ಈಗ ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಸತ್ತೂರಿನಲ್ಲಿ ಮನೆ ಕಟ್ಟಿಸಿದ್ದಾಳೆ. ಸಿಕ್ಕಾಗಲೆಲ್ಲ, "ನನ್ನ ಪಗಾರದಾಗ ಅರ್ಧ ನಿಂದ" ಎನ್ನುತ್ತಾಳೆ. ಒಂದು ಸಲವೂ ಕೊಟ್ಟಿಲ್ಲ.

ಇದನ್ನೆಲ್ಲ ಅನ್ವಿಗೆ ಕೈಕಾಲು ತಿರುವಿ ಹೇಳಿದೆ, ನನ್ನ ಶೌರ್ಯಕ್ಕೆ ಸ್ವಲ್ಪ ಹೆಚ್ಚೇ ಒಗ್ಗರಣೆ ಹಾಕಿ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಅತ್ತೀ, ಮತ್ತ ನೀ ಯಾಕ ಕಾಲೇಜಿಗೆ ಹೋಗಲಿಲ್ಲ?"

"ಹತ್ತನೇತ್ತಾ ಮುಗೀತು, ಲಗ್ನಾತು. ನಿಮ್ಮಜ್ಜ ಬಿಡಿಸಿದ."

"ಯಾಕ ಬಿಡಿಸಿದ?"

ಗೆಳತಿಯ ಅಪ್ಪನನ್ನು ಕುರ್ಚಿಯಲ್ಲಿ ಪ್ರಶ್ನೆ ಕೇಳಿ ಕಟ್ಟಿಹಾಕಿದವಳು, ನನ್ನ ಸರದಿ ಬಂದಾಗ ತುಟಿ ಪಿಟ್ಟೆನ್ನದೆ ಅರಿಸಿನ ಹಚ್ಚಿಸಿಕೊಂಡಿದ್ದೆ. ಅಕ್ಕೋರ ಕುರ್ಚಿ ಶಾಲೆಯಲ್ಲಿತ್ತು. ನಮ್ಮ ಮನೆಯಲ್ಲಿ ಅಪ್ಪನ ಕುರ್ಚಿ ಬೇರೆ, ಅದರ ಮುಂದೆ ನಾವು ಹೇಳಿದ್ದನ್ನು ನಿಂತು ಕೇಳುವವರು ಅಷ್ಟೇ.

"ಅಜ್ಜ ಹೊರಗ ಕುಂತಾನಲಾ, ಕೇಳೂಣು ಬಾ," ಎಂದು ಅನ್ವಿ ನನ್ನ ಕೈ ಹಿಡಿದು ಎಳೆದಳು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅಂಗಳದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದ. ಅನ್ವಿ ಸೀದಾ ಕೇಳಿಯೇಬಿಟ್ಟಳು: "ಅಜ್ಜಾ, ಅತ್ತಿನ್ನ ಸಾಲಿ ಯಾಕ ಬಿಡಿಸಿದಿ?"

ನಾನು ಬೇರೆ ಕಡೆ ನೋಡುತ್ತ ನಿಂತೆ. ಅಪ್ಪ ಪತ್ರಿಕೆ ಮಡಚಿದ, ಮಾತಾಡಿದ್ದು ಅನ್ವಿಯ ಜೊತೆಯಲ್ಲ, ನನ್ನ ಜೊತೆ.

"ಬಸಪ್ಪನ್ನ ಸಾಲ್ಯಾಗ ಕೇಳಿದಾಕಿ ನನ್ನ ಬಿಡತಾಳೇನು ಅಂತ ಬಹಳ ದಿನ ಹೆದರಿಕೊಂಡ ಇದ್ದೆ ವಾ. ಕಾರಣ ನನ್ನ ಹತ್ರನೂ ಇದ್ದಿದ್ದಿಲ್ಲ. ಲಗ್ನದ ಮಾತ ಬಂದಾಗ ಈಗ ಕೇಳತಾಳ, ಆಗ ಕೇಳತಾಳ ಅಂತ ಹಾದಿ ನೋಡಿದೆ. ಕೇಳಿದ್ರ ಬಿಡಸ್ತಿದ್ದಿಲ್ಲೋ ಏನೋ. ನೀ ಕೇಳಲಿಲ್ಲ."

ಸಿಟ್ಟು ಬಂತು. ಕೇಳುವ ತನಕ ಕಾಯಬೇಕಿತ್ತೇನು, ತಾನೇ ಬಾಯಿ ಬಿಡಬಾರದಿತ್ತೇನು ಎಂದು ಬಹಳ ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು. ಇಷ್ಟು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಕುಳಿತದ್ದು ಒಂದೇ ಪ್ರಶ್ನೆಗೆ.

"ಹಂಗಾರ ಈಗ ಕೇಳತೇನಿ, ಅಪ್ಪಾ," ಅಂದೆ.

ಅಪ್ಪ ಕನ್ನಡಕ ತೆಗೆದು, ಬೆಂಚಿನ ಮೇಲೆ ಸರಿದು, ನನಗೆ ಜಾಗ ಮಾಡಿಕೊಟ್ಟ.