ಮೂರನೆಯ ಕಾರ್ಬೊರೇಟರ್

ಭೋಂಗಾ ಕೂಗಿತು. ಕಾಗದದ ಮಿಲ್ಲಿನ ಈ ಸೈರನ್ನಿಗೆ ಅರ್ಧ ದಾಂಡೇಲಿ ಏಳುತ್ತದೆ, ಇನ್ನರ್ಧ ಮಗ್ಗುಲು ಬದಲಿಸುತ್ತದೆ. ಈಚೆಗೆ ಅದು ನದಿಯ ಆಚೆ ದಡಕ್ಕೆ ಸರಿದು ಕೂಗುತ್ತಿದೆ ಎಂದು ಜ್ಯೋತಿಬಾನಿಗೆ ಅನಿಸುತ್ತಿತ್ತು. ಅವನು ಆಗಲೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಚಾಲೂ ಇದ್ದ ಬೈಕಿನ ಮಗ್ಗುಲಿಗೆ ಕಿವಿಯಿಟ್ಟಿದ್ದ. ಸ್ಕ್ರೂ ಒಂದಿಷ್ಟು ತಿರುವುವುದು, ತಲೆ ಓರೆ ಮಾಡುವುದು, ಮತ್ತೆ ತಿರುವುವುದು.

“ನಾಳೆ ಪಂಚಮಿ ಐತ್ರಿ,” ಅನ್ನಪೂರ್ಣಾ ಬಾಗಿಲಿಗೆ ಬಂದು ಜೋರಾಗಿ ಹೇಳಿದಳು. “ಒಂಬತ್ತರೊಳಗ ಗಾಡಿ ತಯಾರಾದ್ರ ಛಲೋ. ಇಲ್ಲಂದ್ರ ನಾ ಬಸ್ಸಿಗೆ ಹೋಗಾಕಿ.”

“ಬಸ್ ಯಾಕ? ಈ ಕಾರ್ಬೊರೇಟರ್ ಒಂದ ಸರಿ ಇಲ್ಲ.”

“ಹಿಂದಿನದಕ್ಕೂ ಇದ ಮಾತ ಅಂದಿದ್ರಿ.”

ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರಬೇಕು. ಅನ್ನಪೂರ್ಣಾಳಿಗೆ ಇಬ್ಬರೂ ಇಲ್ಲ. ಮದುವೆಯಾದ ವರ್ಷ ಓಣಿಯ ಹೆಂಗಸರೆಲ್ಲ ಹೊರಟುಹೋಗಿ ಇವಳೊಬ್ಬಳೇ ಹೊಸ್ತಿಲಲ್ಲಿ ಕೂತಿದ್ದಳು. ಅದನ್ನು ಕಂಡ ಜ್ಯೋತಿಬಾ ಬೈಕ್ ತೆಗೆದು, “ನಡಿ, ಇವತ್ತೊಂದಿನ ನಾನ ನಿನ್ನ ಅಣ್ಣ” ಎಂದುಬಿಟ್ಟಿದ್ದ. “ಬಿಡ್ತು ಅನ್ರಿ!” ಎಂದು ಅವಳು ನಕ್ಕು, ಅತ್ತು, ಹಿಂದೆ ಕೂತಿದ್ದಳು. ಅಂದಿನಿಂದ ಒಂದು ಶ್ರಾವಣವೂ ತಪ್ಪಿರಲಿಲ್ಲ. ಹಳಿಯಾಳದ ತವರಿನಲ್ಲಿ ಅವಳ ತಾಯಿ ಮುದಕವ್ವ ಉಂಡಿ ಕಟ್ಟಿ, ಜೋಕಾಲಿ ಬಿಗಿಸಿ, ಬೈಕಿನ ಸದ್ದಿಗೆ ಕಾದಿರುತ್ತಿದ್ದಳು.

ಈ ಸಲ ಬೈಕು ಕಾಡಿನ ಏರಿನಲ್ಲಿ ಬಿಸಿಯೇರಿ ನಿಂತುಬಿಡುತ್ತಿತ್ತು. ಹಳೆಯ ಕಾರ್ಬೊರೇಟರ್ ಸವೆದಿದೆ ಎಂದು ಬಿಚ್ಚಿ ಹಾಕಿದ. ಹುಬ್ಬಳ್ಳಿಯಿಂದ ತಂದ ಫಳಫಳ ಹೊಳೆಯುವ ಡುಪ್ಲಿಕೇಟ್ ಕೂರಿಸಿದ. ಅದೂ ಹಾಗೇ ಮಾಡಿತು. ಕಳೆದ ವಾರ ಅನ್ನಪೂರ್ಣಾಳನ್ನು ಕೂರಿಸಿಕೊಂಡು ಮೌಳಂಗಿಯ ಕಡೆಗೆ ಹೋದಾಗ, ಹಿಂದಿನ ಲಾರಿ ಹಾರ್ನ್ ಹೊಡೆದದ್ದೇ ಹೊಡೆದದ್ದು, ಇವನು ನಡುರಸ್ತೆ ಬಿಡಲಿಲ್ಲ. ಕೊನೆಗೆ ಅವಳೇ ಅಂಗಿ ಹಿಡಿದು ಎಳೆದಿದ್ದಳು. “ಗಾಡಿ ಚಿಂತ್ಯಾಗಿದ್ದೆ” ಎಂದಿದ್ದ. ಈಗ ಕೂರಿಸಿದ್ದು ಮೂರನೆಯದು, ಬೆಳಗಾವಿಯ ಗುಜರಿಯದು.

ನಾಷ್ಟಾ ಮಾಡದೆ ಅವನು ಬೈಕ್ ಹತ್ತಿ ಬಸ್ ನಿಲ್ದಾಣದ ಎದುರಿನ ಮಹಾಂತಪ್ಪನ ಗ್ಯಾರೇಜಿಗೆ ಹೋದ.

“ಬಂದ್ಯಾ? ಇಷ್ಟೊತ್ತಿಗೆ ಬಂದೇ ಬರ್ತಿ ಅಂತ ಚಾ ಹೇಳೇನಿ,” ಮಹಾಂತಪ್ಪ ನಕ್ಕ. “ಕಾರ್ಬೊರೇಟರ್ ನೋಡೂದ್ರಾಗ ನೀ ಹೆಣ್ಣ ನೋಡೂದಕಿಂತ ಹೆಚ್ಚ ಆರಿಸಾಕತ್ತಿ.”

“ಹುಡುಗಾಟ ಬ್ಯಾಡ ಮಹಾಂತಣ್ಣಾ. ದೊಡ್ಡ ಬಾಯಿಂದು ಇನ್ನೊಂದು ಐತೇನು? ಇದರಾಗ ಆ ಸಣ್ಣ ದನಿ ಬರವಲ್ದು.”

ಆ ಸಣ್ಣ ದನಿ ಹಿಡಿಯುವುದರಲ್ಲೇ ಜ್ಯೋತಿಬಾ ಹೆಸರುವಾಸಿ. ಎಳೆಯ ವಯಸ್ಸಿನಿಂದ ಅವನು ಹಳಿಯಾಳ ರಸ್ತೆಯ ಸಾ ಮಿಲ್ಲೊಂದರಲ್ಲಿ ಗರಗಸದ ಮುಂದೆ ನಿಂತವನು. ಹಲ್ಲು ಮೊಂಡಾಯಿತೆಂದು ಕಣ್ಣಿಂದಲ್ಲ, ಸದ್ದಿನಿಂದ ಹೇಳುತ್ತಿದ್ದ. ಕಾಗದದ ಮಿಲ್ಲಿನ ಕಾಲನಿ ಬಂಗೂರನಗರದವರೂ ಭಾನುವಾರ ಗಾಡಿ ತಂದು “ಸ್ವಲ್ಪ ಕಿವಿ ಕೊಡೋ ಮಾರಾಯಾ” ಎನ್ನುತ್ತಿದ್ದರು. ಗಾಳಿಯ ಸ್ಕ್ರೂ ಬಿಚ್ಚುತ್ತ ಹೋದರೆ ಎಂಜಿನ್ನಿನ ದನಿ ಸಣ್ಣಗೆ, ಗೆಜ್ಜೆಯಂತೆ ತೆಳ್ಳಗಾಗುತ್ತದೆ. ಅಲ್ಲಿಂದ ತುಸು ಹಿಂದಕ್ಕೆ ಬಂದರೆ ಸರಿಯಾದ ಜಾಗ.

ಅವನು ಮತ್ತೆ ಕೂತ. ತಿರುವಿದ. ಮತ್ತೂ ತಿರುವಿದ. ಮಹಾಂತಪ್ಪ ಚಹಾದ ಗ್ಲಾಸು ಹಿಡಿದು ರಸ್ತೆ ನೋಡತೊಡಗಿದ.

ಅಷ್ಟರಲ್ಲಿ ಅನ್ನಪೂರ್ಣಾ ಚೀಲ ಹಿಡಿದು ಬಂದಳು. ಹಸಿರು ಬಳೆ, ಹೊಸ ಇಳಕಲ್ ಸೀರೆ. ಬಸ್ಸಿಗೆ ಹೊರಟವಳು ಗ್ಯಾರೇಜಿನ ಮುಂದೆ ನಿಂತು ಕಿವಿ ಮುಚ್ಚಿಕೊಂಡಳು.

“ಸಾಕ್ ಬಿಡ್ರಿ! ಆಗ್ಲಿಂದ ಚೀರಾಕತ್ತೈತಿ ಅದು.”

“ಎಲ್ಲಿ ಚೀರತೈತಿ? ಇನ್ನೂ ಬಂದ ಇಲ್ಲ.”

ಅವಳು ಮಹಾಂತಪ್ಪನ ಕಡೆ ನೋಡಿದಳು. ಮಹಾಂತಪ್ಪ ಗ್ಲಾಸಿನೊಳಗೆ ನೋಡಿದ. ಇಬ್ಬರನ್ನೂ ನೋಡುತ್ತಿದ್ದ ಜ್ಯೋತಿಬಾನ ಕೈಯಲ್ಲಿ ಸ್ಕ್ರೂಡ್ರೈವರ್ ನಿಂತಿತು. ಅವನಿಗೆ ಹೊಳೆಯಿತು: ಆ ಸಣ್ಣ ದನಿ ತನ್ನ ಮಂದವಾದ ಕಿವಿಗೆ ಮುಟ್ಟುವಷ್ಟರಲ್ಲಿ ಎಂಜಿನ್ನಿಗೆ ಗಾಳಿ ಅತಿಯಾಗಿರುತ್ತಿತ್ತು. ಪೆಟ್ರೋಲು ಸಾಲದೆ ಅದು ಏರಿನಲ್ಲಿ ಬಿಸಿಯೇರುತ್ತಿತ್ತು. ಮೂರೂ ಕಾರ್ಬೊರೇಟರನ್ನು ಅವನು ಒಂದೇ ರೀತಿ ಕೆಡಿಸಿದ್ದ.

“ನಿನಗ ಗೊತ್ತಿತ್ತೇನು?” ಮಹಾಂತಪ್ಪನನ್ನು ಕೇಳಿದ.

“ಊರಿಗೆಲ್ಲಾ ಕಿವಿ ಕೊಟ್ಟಾವಗ ಹೆಂಗ ಹೇಳ್ಲಿ?”

ಜ್ಯೋತಿಬಾ ಎಂಜಿನ್ ಬಂದ್ ಮಾಡಿ, ಗುಜರಿಯದನ್ನು ಬಿಚ್ಚಿದ. ಗ್ಯಾರೇಜಿನ ಮೂಲೆಯ ಡಬ್ಬಿಯಲ್ಲಿ ಬಿಸಾಕಿದ್ದ ತನ್ನ ಹಳೆಯದನ್ನೇ ಹುಡುಕಿ, ಊದಿ, ಕೂರಿಸಿದ. ಕಿಕ್ ಹೊಡೆದು ಹೆಂಡತಿಯ ಕಡೆ ತಿರುಗಿದ.

“ನಾ ತಿರುವತೇನಿ. ಗೆಜ್ಜಿಹಂಗ ಕೇಳಿದ ಕೂಡ್ಲೆ ಕೈ ಎತ್ತು.”

ಅನ್ನಪೂರ್ಣಾ ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅವನು ಎಣಿಸಿದ್ದಕ್ಕಿಂತ ಬಹಳ ಮೊದಲೇ ಅವಳ ಕೈ ಮೇಲೆದ್ದಿತು, ಬಳೆ ಮೊಣಕೈಗೆ ಜಾರಿದವು. ಅವನು ತುಸು ಹಿಂದಕ್ಕೆ ತಿರುವಿದ. ಅಂಗೈಯನ್ನು ಟ್ಯಾಂಕಿನ ಮೇಲಿಟ್ಟ. ನಡುಕ ಹದವಾಗಿ ಬರುತ್ತಿತ್ತು.

“ದಾರ್‍ಯಾಗ ಹಾರ್ನ್ ಕೇಳಿದ್ರ ನಾ ನಿಮ್ಮ ಹೆಗಲ ಬಡೀತೇನಿ,” ಎಂದಳು ಅವಳು, ಅವನಿಗೆ ಕೇಳುವಷ್ಟೇ ಜೋರಾಗಿ.

“ಅದು ಇವತ್ತಿನ ಮಾತಾತು,” ಮಹಾಂತಪ್ಪ ಗ್ಲಾಸು ಕೆಳಗಿಟ್ಟ. “ಧಾರವಾಡದಾಗ ಕಿವಿ ಡಾಕ್ಟ್ರು ಅದಾರ ಜ್ಯೋತಿಬಾ. ಹಬ್ಬ ಮುಗೀಲಿ, ನಾನೂ ಬರ್ತೇನಿ. ಕಿವ್ಯಾಗ ಇಡೂದೊಂದು ಸಣ್ಣ ಮಷಿನ್ ಬಂದೈತಂತ. ಆದ್ರ ಕಿವಿ ತಿಂದ ಆ ಸಾ ಮಿಲ್ಲಿನ ಕೆಲಸ ಮಾತ್ರ ನೀ ಬಿಡಬೇ—”

ಜ್ಯೋತಿಬಾ ಸ್ಟ್ಯಾಂಡ್ ತೆಗೆದು ಬೈಕನ್ನು ರಸ್ತೆಯ ಕಡೆ ತಳ್ಳಿಕೊಂಡು ನಡೆದ.

“ಲೇ, ನಿನಗ ಹೇಳಾಕತ್ತೇನಿ!”

ಇದು ಅವನಿಗೆ ಪೂರ್ತಿ ಕೇಳಿಸಿತ್ತು. ತಿರುಗಲಿಲ್ಲ. ಅನ್ನಪೂರ್ಣಾ ಚೀಲ ಎತ್ತಿಕೊಂಡು ಅವನ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದಳು.