ಅಣ್ಣನ ಹುಬ್ಬಿನ ಮೇಲಿನ ಗಾಯ

ಶಹಾಪುರದಲ್ಲಿ ನಾವು ಮಾಡಿದ ಪ್ರದರ್ಶನಕ್ಕೆ ಬಂದವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಬಿಡಿ ಎಂದು ನಾವು ಯಾರಿಗೂ ಹೇಳಿರಲಿಲ್ಲ. ಕಾರಣ ಸುರಪುರದ ಚಿತ್ರಕಾರ. ಅವನ ಮನೆತನದವರು ತಲೆಮಾರುಗಳಿಂದ ದೇವರನ್ನೂ ರಾಜರನ್ನೂ ಬರೆದವರು. ತಲೆಯ ಹಿಂದೆ ಚಿನ್ನದ ರೇಕಿನ ಪ್ರಭಾವಳಿ ಅಂಟಿಸದೆ ಮುಖ ಬರೆದು ಅವನ ಕೈಗೆ ಗೊತ್ತಿಲ್ಲ. ನನ್ನ ಕಥೆಯ ಒಕ್ಕಲು ಹುಡುಗನಿಗೂ ಅಂಟಿಸಿಬಿಟ್ಟಿದ್ದ.

"ಇವ ದೇವರಲ್ಲಪಾ, ಎತ್ತು ತೊಳ್ಯಾಕ ಹೋಗಿ ಸತ್ತಾವ," ಎಂದಿದ್ದೆ.

"ಈಗರೆ ಇರ್ಲಿ ಬಿಡ್ರಿ. ಬದುಕಿದ್ದಾಗ ಏನ್ ಬಂಗಾರ ಕಂಡಿದ್ದಾ?" ಎಂದಿದ್ದ.

ನಾನು ಕಲಬುರಗಿಯಲ್ಲಿ ಎಂ.ಎ. ಮಾಡಿ ಬಂದ ಹೊಸತು. ಓದಲು ಬಾರದವರಿಗೂ ಕಥೆ ಮುಟ್ಟಬೇಕೆಂಬ ಹುಕಿ. ದೊಡ್ಡ ಅಕ್ಷರದಲ್ಲಿ ಕಥೆ ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಿದ್ದೆವು, ಪಕ್ಕದಲ್ಲಿ ಚಿತ್ರಗಳು, ಮೂಲೆಯಲ್ಲಿ ಟೇಪ್ ರೆಕಾರ್ಡರ್. ಅದರಲ್ಲಿ ನನ್ನದೇ ದನಿಯ ಕಥೆ, ಹಿಂದೆ ಕಾಲುವೆ ನೀರಿನ ಸದ್ದು.

ಕಥೆ ಹುಟ್ಟಿದ್ದು ನನ್ನ ಅಣ್ಣನಿಂದ. ಕಕ್ಕೇರಾ ಕಡೆಯ ನಮ್ಮ ಊರಿಗೆ ಕಾಲುವೆ ನೀರು ಬಂದ ಹೊಸದರಲ್ಲಿ ಎತ್ತುಗಳ ಮೈ ತೊಳೆಯಲು ಇಳಿದ. ಹಳ್ಳಕ್ಕೆ ಇಳಿದಂತೆಯೇ ಇಳಿದ. ಹಳ್ಳದಲ್ಲಿ ಕಾಲೂರಲು ಮರಳು ಸಿಗುತ್ತದೆ. ಕಾಲುವೆಯ ಇಳಿಜಾರು ನುಣ್ಣಗಿತ್ತು. ಎತ್ತುಗಳು ಹೇಗೋ ಹತ್ತಿ ಬಂದವು. ಅಣ್ಣನದೊಂದು ಫೋಟೋ ಕೂಡ ಇರಲಿಲ್ಲ. ನಾನು ತೀರ ಚಿಕ್ಕವನು. ನೆನಪಿದ್ದದ್ದು ಅವನ ಬೆನ್ನು, ಹೆಗಲ ಮೇಲಿನ ಬಾರುಕೋಲು. ಅದೂ ನೋಡಿದ್ದೋ, ಯಾರೋ ಹೇಳಿದ್ದೋ. ಮುಖ ಅವ್ವನ ಹತ್ತಿರ ಮಾತ್ರ ಉಳಿದಿತ್ತು. ಅವಳನ್ನು ಕೇಳುವ ಧೈರ್ಯವಾಗದೆ ಕಥೆಗೆ ಬೇಕಾದ ಮುಖವನ್ನು ನಾನೇ ಕಲ್ಪಿಸಿಕೊಂಡೆ. ಎಡ ಹುಬ್ಬನ್ನು ಸೀಳಿದ ಗಾಯದ ಗುರುತೊಂದನ್ನು ಇಟ್ಟೆ. ಚಿತ್ರಕಾರ ಯಾದಗಿರಿಯಲ್ಲಿ ಗುಮಾಸ್ತನಾಗಿದ್ದ ತನ್ನ ತಮ್ಮನನ್ನು ಎದುರಿಗೆ ಕೂಡಿಸಿಕೊಂಡು ಬರೆದ, ಗಾಯ ಸೇರಿಸಿದ.

ಅವ್ವನನ್ನು ನಾನು ಕರೆದಿರಲಿಲ್ಲ. ಊರವರ ಬಾಯಿಂದ ಕೇಳಿ ಬಸ್ ಹತ್ತಿ ಬಂದಳು. ಟೇಪಿನ ಮುಂದೆ ಕೂತು ಕೊನೆಯತನಕ ಕೇಳಿದಳು, ಇನ್ನೊಮ್ಮೆ ಹಚ್ಚಲು ಹೇಳಿದಳು. ಆಮೇಲೆ ಎದ್ದು ಚಿತ್ರದ ಮುಂದೆ ನಿಂತಳು.

ಅಲ್ಲಿದ್ದ, ನಮ್ಮನ್ನು ಬಲ್ಲ ಮಾಸ್ತರರೊಬ್ಬರು, "ಯಾರಬೇ ಇವ, ಗುರ್ತ ಐತೇನು?" ಎಂದು ಕೇಳಿದರು.

"ನನ್ನ ಹಿರೇ ಮಗಾ ರೀ. ಗುರ್ತ ಇರೂದಿಲ್ಲೇನು?"

"ಅಲ್ಲಬೇ, ಇದು ಬರೇ ಕತಿ. ನಿನ್ನ ಸಣ್ಣ ಮಗಾನ ಕಟ್ಯಾನ."

"ಕಟ್ಟಲಿ ಬಿಡ್ರಿ. ಮಾರಿ ಅವಂದ ಐತಲ್ರಿ."

ಚಿತ್ರಕಾರ ನನ್ನ ಕಡೆ ನೋಡಿದ. ನಾನು ಅವ್ವನನ್ನು ಕೇಳಿದೆ: "ಅಣ್ಣಗ ಹುಬ್ಬಿನ ಮ್ಯಾಲ ಗಾಯ ಇತ್ತೇನಬೇ?"

"ಇರಲಿಲ್ಲೇನು? ಕಾಲುವಿಗಿ ತಂದ ಕಲ್ಲಿನ ರಾಶಿ ಮ್ಯಾಲಿಂದ ಬಿದ್ದಿದ್ದ. ನಾ ಅರಿಶಿಣ ಒತ್ತುಮುಂದ ಬಟ್ಟಲ ಹಿಡದಾವ ನೀನ. ಅಳಕೋತ ನಿಂತಿದ್ದಿ."

ಕಲ್ಲಿನ ರಾಶಿ ಟೇಪಿನಲ್ಲಿತ್ತು. ಅರಿಶಿಣದ ಬಟ್ಟಲು ಇರಲಿಲ್ಲ. ಮರೆತದ್ದನ್ನೇ ನಾನು ಕಲ್ಪನೆ ಎಂದುಕೊಂಡು ಬರೆದೆನೋ, ನಾನು ಬರೆದದ್ದು ಅವಳೊಳಗೆ ಹೊಕ್ಕು ಬಟ್ಟಲನ್ನೂ ಹುಟ್ಟಿಸಿತೋ, ಈಗಲೂ ಹೇಳಲಾರೆ. ಆ ಬಟ್ಟಲು ಆಗಾಗ ನನಗೂ ಕಾಣುತ್ತದೆ, ಹಿತ್ತಾಳೆಯದು. ಅದನ್ನೂ ನಂಬುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅವಳು ಊರಿಗೆ ಹೋದಳು.

"ನಮ್ಮ ತಮ್ಮಗ ಮಾತ್ರ ಹೇಳಬ್ಯಾಡ್ರಿ," ಎಂದ ಚಿತ್ರಕಾರ, ಅವ್ವ ಅದಕ್ಕೆ ಪೂಜೆ ಮಾಡುವುದು ಗೊತ್ತಾದಾಗ. "ಜೀವಂತ ಇದ್ದಾವನ ಮಾರಿಗಿ ಕುಂಕುಮ ಹಚ್ಚಾಕತ್ತಾರಂತ ತಿಳದ್ರ ನಮ್ಮವ್ವ ನನ್ನ ಮನಿಯಾಗ ಬಿಟ್ಕೊಳ್ಳೂದಿಲ್ಲ."

ಅವ್ವ ಅಮಾವಾಸ್ಯೆಗೊಮ್ಮೆ ಅದನ್ನು ಒರೆಸಿ ಕುಂಕುಮ ಹಚ್ಚುತ್ತಾಳೆ. ಅಣ್ಣನ ಮಾತು ಬಂದಾಗ ಈಗ ಅಳುವುದಿಲ್ಲ; ಗೋಡೆಯ ಕಡೆ ಕೈ ತೋರಿಸುತ್ತಾಳೆ. ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಮೊದಲೆಲ್ಲ ಅವಳು ಹೇಳುತ್ತಿದ್ದದ್ದು ಬೇರೆಯೇ. ಅಣ್ಣ ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತಿತ್ತಂತೆ, ನಮ್ಮ ಸೋದರಮಾವನ ಹಾಗೆ. ಒಂದು ಅಮಾವಾಸ್ಯೆ ಅದನ್ನು ನೆನಪಿಸಿದೆ.

"ಯಾರ ಗಲ್ಲದಾಗ?" ಎಂದಳು.

"ಅಣ್ಣನ ಗಲ್ಲದಾಗ. ನೀನ ಹೇಳ್ತಿದ್ದ್ಯಲ್ಲ, ಮಾವನಂಗ ಅಂತ."

ಕುಂಕುಮದ ಬೆರಳನ್ನು ಹಾಗೆಯೇ ಹಿಡಿದುಕೊಂಡು ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇಲ್ಲಲ್ಲಪಾ," ಎಂದಳು. "ಎಲ್ಲೈತಿ?"