ಅವ್ವನ ಮಾಳಿಗೆಗೆ ಎರಡು ಚೀಲ ಸವಳು

೧೯೫೧ರ ಮೇ ೧೭, ಗುರುವಾರ. ಎರಡು ಖಾಲಿ ಗೋಣಿಚೀಲ ಬಗಲಲ್ಲಿಟ್ಟುಕೊಂಡು ಬಳ್ಳಾರಿಯಲ್ಲಿ ಬೆಳಗಿನ ಮೋಟಾರು ಹತ್ತಿದೆ. ನಮ್ಮ ಅಡುಗೆಮನೆಯ ಮಣ್ಣಿನ ಮಾಳಿಗೆ ಬೆಳಕಿಂಡಿಯ ಸುತ್ತ ಸೋರುತ್ತಿತ್ತು. ಮಳೆಗೆ ಮೊದಲು ಅಲ್ಲಿ ಸವಳು ಮಣ್ಣು ಬಡಿಯಬೇಕಿತ್ತು. ಉಪ್ಪು ತುಂಬಿದ ಆ ಮಣ್ಣು ನೆನೆದರೆ ಮೆತ್ತಿಕೊಂಡು ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ.

ಕುರುಗೋಡಿನಲ್ಲಿಳಿದು ಸೋದರಮಾವನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ಉಂಡೆ. ಸವಳು ಕೇಳಿದ್ದಕ್ಕೆ ಮಾವ ನಕ್ಕ.

“ನಮ್ಮ ಕೆಂಪು ಮಣ್ಣಾಗ ನೀರು ನಿಲ್ಲಂಗಿಲ್ಲ, ಸವಳು ಎಲ್ಲಿಂದ ತರ್ಲಿ? ಸಿರುಗುಪ್ಪದಾಗ ನಿಮ್ಮ ಭಾವನ ಎರಿಹೊಲ ಬೆಳ್ಳಗಾಗೇತಂತ, ಹೋಗು. ಆದ್ರ ಅದರ ಮಾತೆತ್ತಿದ್ರ ಅವ ಉಣ್ಣೋದು ಬಿಟ್ಟು ಏಳ್ತಾನಂತ!”

ಮಧ್ಯಾಹ್ನದ ಮೋಟಾರಿನಲ್ಲಿ ಮುಂದೆ ಹೊರಟೆ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಕಪ್ಪು ಎರೆಭೂಮಿ ಪಾದ ಇಳಿಯುವಷ್ಟು ಅಗಲಕ್ಕೆ ಬಿರಿದಿತ್ತು.

ಸಿರುಗುಪ್ಪದಲ್ಲಿ ಅಕ್ಕ ಮಜ್ಜಿಗೆ ಕೊಟ್ಟು ಗುಟ್ಟಾಗಿ ಹೇಳಿದಳು: “ಬಾವಿ ನೀರು ಉಪ್ಪು. ಬಿಸಲಿಗೆ ನೀರು ಆರತೈತಿ, ಉಪ್ಪು ಮ್ಯಾಲೆ ಉಳೀತೈತಿ. ಗಿಡ ಬಾಡಿದಷ್ಟೂ ಇವ್ರು ನೀರು ಬಿಡ್ತಾರ. ಹಿಂಗಾದ್ರ ಹೊಲ ಪೂರ್ತಿ ಹೋಗತೈತಿ.”

ಶುಕ್ರವಾರ ಬೆಳಿಗ್ಗೆ ಅಕ್ಕನೂ ನಾನೂ ಹೊಲಕ್ಕೆ ಹೋದೆವು. ಭಾವ ಎತ್ತು ಹೂಡಿ ಬಾವಿಯ ಕಪಿಲೆಯಿಂದ ಬದನೆಗಿಡಗಳಿಗೆ ನೀರೆತ್ತುತ್ತಿದ್ದರು. ನನ್ನ ಚೀಲ ನೋಡಿದ್ದೇ ಮುಖ ಕೆಂಪಗಾಯಿತು.

“ಲೇ ತಮ್ಮಾ, ನನ್ನ ಹೊಲ ಆಡಿಕೊಳ್ಳಾಕ ಬಳ್ಳಾರಿಯಿಂದ ಬಂದಿಯೇನಲೇ?”

“ಇಲ್ಲ ಭಾವಾ, ಅವ್ವನ ಅಡಿಗಿಮನಿ ಸೋರತೈತಿ.”

“ಅತ್ತಿಯವ್ರಿಗೆ ಬೇಕಂದ್ರ ಬ್ಯಾರೆ ಮಾತು,” ಎಂದು ಸಲಿಕೆ ಹಿಡಿದರು.

ಬಿಳಿಗಟ್ಟಿದ ಮೂಲೆಯಲ್ಲಿ ಮೇಲ್ಮಣ್ಣು ಕೆರೆದು ಒಂದು ಚೀಲ ತುಂಬಿದರು. ಎರಡನೆಯದಕ್ಕೆ ಬದನೆ ಸಾಲಿನತ್ತ ಸರಿದರು. ಅಲ್ಲಿ ನೆಲ ಕಪ್ಪಗೇ ಕಾಣುತ್ತಿತ್ತು. ಗಿಡದ ಬುಡದ ಹೆಂಟೆಯೊಂದನ್ನು ಮಗುಚಿದರೆ ಅದರ ಬಿರುಕಿನಲ್ಲೆಲ್ಲ ಬಿಳಿ. ಮುಂದಿನ ಸಾಲು, ಅದರ ಮುಂದಿನದು, ಎಲ್ಲ ಕಡೆಯೂ ಅದೇ. ಚೀಲ ಅರ್ಧಕ್ಕೇ ನಿಂತಿತು.

“ಇಲ್ಲೀತನಕ ಬಂತೇನ?” ಎಂದರು ಭಾವ. ಹೋಗಿ ಕಪಿಲೆ ನಿಲ್ಲಿಸಿ ಎತ್ತಿನ ಕೊರಳ ಹಗ್ಗ ಬಿಚ್ಚಿದರು.

“ಬದನಿ ಹೋಗ್ಲಿ. ಹಳ್ಳದ ಕಡಿಗೆ ಬಸಿಗಾಲುವಿ ತೋಡ್ತೀನಿ. ಮಳಿ ಬಂದು ಉಪ್ಪು ತೊಳದ್ರ, ಹಿಂಗಾರಿಗೆ ಜ್ವಾಳ ಬಿತ್ತೂಣು.”

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಇವತ್ತರ ಪೂರ್ತಿ ಉಣ್ಣಾಕ ಬರ್ರಿ,” ಎಂದಳು.

ಶನಿವಾರ ಚೀಲಗಳನ್ನು ಮೋಟಾರಿನ ಮೇಲೇರಿಸುವಾಗ ಕಂಡಕ್ಟರ್, “ಜ್ವಾಳೇನ್ರಿ?” ಎಂದ. ಭಾವನ ಹೊಲದ ಸವಳೆಂದೆ. “ಸವಳಿಗೂ ಬೀಗರ ಮನಿಗೆ ಹೋಗ್ತೀರಾ!” ಎಂದು ಬಸ್ಸಿನವರನ್ನೆಲ್ಲ ನಗಿಸಿದ.

ಮಾಳಿಗೆಗೆ ಸವಳು ಬಡಿದ ಎಂಟು ದಿನಕ್ಕೆ ಬಳ್ಳಾರಿಯಲ್ಲಿ ಮಳೆ ಹೊಡೆಯಿತು. ಬೆಳಕಿಂಡಿಯ ಕೆಳಗೆ ಅವ್ವ ಇಟ್ಟ ಕೊಳಗ ಒಣಗಿಯೇ ಇತ್ತು. ಅವಳು ಬಾಗಿಲಿಗೆ ಬಂದು ಬಡಗಣ ಮುಗಿಲನ್ನೇ ನೋಡುತ್ತ ನಿಂತಳು.

“ನಮ್ಮನಿಗೆ ಸಾಕು,” ಎಂದಳು. “ಉಳಿದ ಮಳಿ ಸಿರುಗುಪ್ಪಕ್ಕ ಹೋಗಲಿ.”